ಕೋಚ್‌ಗಳಿಗೆ ಅಮೆರಿಕದ ದಾರಿಗಳು: ಓ-1ಎ, ಇಬಿ-1ಎ, ಪಿ-1ಎಸ್, ಎನ್‌ಐಡಬ್ಲ್ಯು – ಯಾರಿಗೆ ಯಾವುದು?

ಲೀ ಮಾನ್-ಸೂ ಅಂದರೆ ಕೊರಿಯಾದ ಬೇಸ್‌ಬಾಲ್ ಪ್ರಿಯರಿಗೆ ದೊಡ್ಡ ಹೆಸರು. 1982ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಶುರುವಾದಾಗ ಮೊದಲ ಹೋಮ್ ರನ್ ಹೊಡೆದವರು ಅವರೇ. ಆಟ ಬಿಟ್ಟ ಮೇಲೆ ಅಮೆರಿಕಕ್ಕೆ ಬಂದು ಶಿಕಾಗೊ ವೈಟ್ ಸಾಕ್ಸ್ ತಂಡದಲ್ಲಿ ಕೋಚ್ ಆದರು. ಇಂಥವರಿಗೂ ‘ಅಸಾಧಾರಣ ಸಾಮರ್ಥ್ಯ’ದ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಇಲ್ಲ ಎಂಬ ಉತ್ತರ ಬಂತು. ವಿಷಯ ಕೋರ್ಟಿಗೆ ಹೋಯಿತು. 2002ರಲ್ಲಿ ಇಲಿನಾಯ್‌ನ ಫೆಡರಲ್ ಕೋರ್ಟ್ ವಲಸೆ ಇಲಾಖೆಯ ನಿರ್ಧಾರವನ್ನೇ ಎತ್ತಿಹಿಡಿಯಿತು. ಆಟಗಾರನಾಗಿ ಅಸಾಧಾರಣ ಆಗಿದ್ದ ಮಾತ್ರಕ್ಕೆ ಕೋಚ್ ಆಗಿಯೂ ಅಸಾಧಾರಣ ಅಂತ ಒಪ್ಪಲಾಗದು ಎಂಬುದು ತೀರ್ಪಿನ ತಿರುಳು. ಮೂರು ವರ್ಷದ ನಂತರ ಅದೇ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಲೀ ಅದರ ಕೋಚಿಂಗ್ ಬಳಗದಲ್ಲೇ ಇದ್ದರು.

ನಮ್ಮ ಕಡೆಯಿಂದ ಬ್ಯಾಡ್ಮಿಂಟನ್, ಕ್ರಿಕೆಟ್, ಈಜು, ಟೇಬಲ್ ಟೆನಿಸ್ ಕಲಿಸಲು ಅಮೆರಿಕಕ್ಕೆ ಹೋಗಬೇಕು ಅಂದುಕೊಂಡಿರುವ ಪ್ರತಿಯೊಬ್ಬ ಕೋಚ್‌ಗೂ ನಾನು ಮೊದಲು ಹೇಳುವುದು ಈ ಕತೆಯನ್ನೇ. ಮನೆಯ ಶೋಕೇಸ್‌ನಲ್ಲಿ ನೀವು ಆಡುವಾಗ ಗೆದ್ದ ಕಪ್‌ಗಳು ಸಾಲಾಗಿ ನಿಂತಿರಬಹುದು. ಆದರೆ ಅಧಿಕಾರಿ ಕೇಳುವುದು ನೀವು ಬೆಳೆಸಿದ ಮಕ್ಕಳು ಏನು ಗೆದ್ದರು, ಅದರಲ್ಲಿ ನಿಮ್ಮ ಕೈ ಎಷ್ಟಿತ್ತು ಅಂತ. ಯಾವ ವೀಸಾ ಆಯ್ದುಕೊಂಡರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದು ಸಮಾಧಾನದ ಮಾತೂ ಇದೆ. ಆಟಗಾರರಾಗಿ ಇತ್ತೀಚೆಗಷ್ಟೇ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಹೆಸರು ಮಾಡಿ, ಈಗ ಕೋಚ್ ಆಗಿಯೂ ರಾಷ್ಟ್ರ ಮಟ್ಟದಲ್ಲಿ ಅದನ್ನು ಉಳಿಸಿಕೊಂಡವರಿಗೆ ಎರಡನ್ನೂ ಒಟ್ಟಿಗೆ ನೋಡಬಹುದು ಅಂತ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ನೀತಿ ಕೈಪಿಡಿ ಹೇಳುತ್ತದೆ. ಆದರೆ ಆಟ ಬಿಟ್ಟು ತುಂಬಾ ವರ್ಷ ಆಗಿದ್ದರೆ, ಕೋಚ್ ಆಗಿ ಹೆಸರು ಮಾಡಲು ಬೇಕಾದಷ್ಟು ಸಮಯ ಸಿಕ್ಕಿತ್ತಲ್ಲ ಅಂತ ಕೋಚಿಂಗ್ ಕೆಲಸವನ್ನು ಮಾತ್ರ ತೂಗುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ನಿವೃತ್ತಿಯಾಗಿ ಎರಡು ವರ್ಷ ಆದವರ ಅರ್ಜಿಯೂ ಹದಿನೈದು ವರ್ಷ ಆದವರ ಅರ್ಜಿಯೂ ಒಂದೇ ಥರ ಇರಬಾರದು.

ಓ-1ಎ ಮತ್ತು ಇಬಿ-1ಎ: ಅಣ್ಣ ತಮ್ಮ, ಆದರೆ ಸ್ವಭಾವ ಬೇರೆ

ಓ-1ಎ ತಾತ್ಕಾಲಿಕ ಕೆಲಸದ ವೀಸಾ. ಇಬಿ-1ಎ ಗ್ರೀನ್ ಕಾರ್ಡ್‌ಗೆ ಹೋಗುವ ದಾರಿ. ಕ್ರೀಡೆಯ ಮಟ್ಟಿಗೆ ಎರಡರ ವ್ಯಾಖ್ಯೆಯೂ ಒಂದೇ: ತನ್ನ ಕ್ಷೇತ್ರದ ತುತ್ತತುದಿಗೆ ಏರಿದ ಕೆಲವೇ ಮಂದಿಯಲ್ಲಿ ಒಬ್ಬರಾಗಿರಬೇಕು. ನೊಬೆಲ್‌ನಂಥ ಒಂದು ಮಹಾ ಪ್ರಶಸ್ತಿ ಇದ್ದರೆ ಅದೊಂದೇ ಸಾಕು. ಇಲ್ಲವಾದರೆ ಪಟ್ಟಿಯಲ್ಲಿರುವ ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಬೇಕು. ಇಬಿ-1ಎ ಪಟ್ಟಿಯಲ್ಲಿ 10 ಇವೆ, ಓ-1ಎಯಲ್ಲಿ 8. ಇಬಿ-1ಎಯಲ್ಲಿ ಹೆಚ್ಚಿಗೆ ಇರುವ ಎರಡು ಕಲಾವಿದರಿಗೆ ಸೇರಿದವು, ಕೋಚ್‌ಗಳಿಗೆ ಅವುಗಳಿಂದ ಏನೂ ಆಗಬೇಕಾಗಿಲ್ಲ.

ದೊಡ್ಡ ವ್ಯತ್ಯಾಸ ಇರುವುದು ಅರ್ಜಿ ಹಾಕುವವರು ಯಾರು ಎಂಬುದರಲ್ಲಿ. ಇಬಿ-1ಎಗೆ ನೀವೇ ನಿಮ್ಮ ಹೆಸರಿನಲ್ಲಿ ಐ-140 ಎಂಬ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು. ಕೆಲಸದ ಆಫರ್ ಬೇಕಾಗಿಲ್ಲ. ಆದರೆ ಅಮೆರಿಕದಲ್ಲಿ ಅದೇ ಕೆಲಸ ಮುಂದುವರಿಸುತ್ತೀರಿ ಅಂತ ತೋರಿಸಬೇಕು. ಅಕಾಡೆಮಿಗಳ ಪತ್ರ, ಒಪ್ಪಂದ, ಇಲ್ಲವೇ ನಿಮ್ಮದೇ ವಿವರವಾದ ಯೋಜನೆ ಇದ್ದರೆ ಆಯಿತು. ಓ-1ಎಗೆ ಮಾತ್ರ ಅಮೆರಿಕದ ಉದ್ಯೋಗದಾತರು ಅಥವಾ ಏಜೆಂಟ್ ಅರ್ಜಿ ಹಾಕಬೇಕು. ಜೊತೆಗೆ ಆ ಕ್ರೀಡೆಯ ಪರಿಣತರ ಸಂಸ್ಥೆಯಿಂದ ಒಂದು ಸಲಹಾ ಪತ್ರ ತರಬೇಕು. ಸಾಮಾನ್ಯವಾಗಿ ಅಲ್ಲಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯನ್ನೇ ಕೇಳುತ್ತಾರೆ. ಈ ಪತ್ರಕ್ಕೆ ಸಮಯ ಹಿಡಿಯುತ್ತದೆ, ಕೊನೇ ವಾರಕ್ಕೆ ಬಿಡಬೇಡಿ.

ಓ-1ಎ ಮೊದಲ ಸಲ ಗರಿಷ್ಠ 3 ವರ್ಷ ಸಿಗುತ್ತದೆ. ಆಮೇಲೆ ವರ್ಷ ವರ್ಷ ಮುಂದುವರಿಸಬಹುದು, ಅದಕ್ಕೆ ಇಷ್ಟೇ ಸಲ ಎಂಬ ಮಿತಿ ಇಲ್ಲ. ಸಂಗಾತಿಗೆ ಓ-3 ಸಿಗುತ್ತದೆ, ಆದರೆ ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಮನೆಯಲ್ಲಿ ಇಬ್ಬರೂ ದುಡಿಯುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ. ಹೊರಡುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ.

ಕೋಚ್‌ಗಳು ಎಡವುವ ಇನ್ನೊಂದು ಜಾಗ ಇಲ್ಲಿದೆ. ಓ-1ಎಯಲ್ಲಿ ಅರ್ಜಿ ಹಾಕಿದ ಅಕಾಡೆಮಿಗೆ ಮಾತ್ರ ಕೆಲಸ ಮಾಡಬೇಕು. ಶನಿವಾರ ಭಾನುವಾರ ಬೇರೆ ಕೋರ್ಟಿನಲ್ಲಿ ದುಡ್ಡು ತಗೊಂಡು ಖಾಸಗಿ ಪಾಠ ಮಾಡಿದರೆ ವೀಸಾ ನಿಯಮ ಮುರಿದ ಹಾಗೆ. ನಮ್ಮೂರಲ್ಲಿ ಬೆಳಗ್ಗೆ ಒಂದು ಅಕಾಡೆಮಿ, ಸಂಜೆ ಇನ್ನೊಂದು ಅಪಾರ್ಟ್‌ಮೆಂಟ್ ಅಂತ ಓಡಾಡಿ ರೂಢಿಯಾದವರು ಇದನ್ನು ಮರೆತುಬಿಡುತ್ತಾರೆ. ಹಲವು ಕಡೆ ಕಲಿಸುವ ಯೋಚನೆ ಇದ್ದರೆ ಏಜೆಂಟ್ ಮೂಲಕ, ಎಲ್ಲ ಒಪ್ಪಂದಗಳನ್ನೂ ಸೇರಿಸಿ ಅರ್ಜಿ ಹಾಕಿಸಬಹುದು.

‘ಓ-1 ಸಿಕ್ಕಿದೆ, ಇನ್ನು ಇಬಿ-1 ಸಿಕ್ಕ ಹಾಗೇ’ ಅಂತ ಅಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ಇಬಿ-1ಎ ಅಧಿಕಾರಿಗೆ ಹಳೆಯ ಓ-1 ಮಂಜೂರಾತಿಯನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಅದೇ ಕಾಗದಪತ್ರಗಳನ್ನು ಮತ್ತೆ ಕಳಿಸಿದರೆ ಕೆಲಸ ಆಗದಿರಬಹುದು. ಓ-1ರ ಆ ಮೂರು ವರ್ಷವನ್ನು ಪುರಾವೆ ಕಟ್ಟುವ ಕಾಲ ಅಂತ ನೋಡುವುದೇ ಜಾಣತನ.

ಭಾರತದಲ್ಲಿ ಹುಟ್ಟಿದವರ ಸಾಲು

ಗ್ರೀನ್ ಕಾರ್ಡ್‌ಗೆ ದೇಶವಾರು ಮಿತಿ ಇದೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸುಮಾರು ಶೇ 7ಕ್ಕಿಂತ ಹೆಚ್ಚು ಕೊಡುವುದಿಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ನ ಎರಡನೇ ವರ್ಗವಾದ ಇಬಿ-2ರಲ್ಲಿ ಭಾರತದ ಸಾಲು 10 ವರ್ಷಕ್ಕೂ ಹೆಚ್ಚು ಹಿಂದೆ ಇದೆ. ಇಬಿ-1ರಲ್ಲೂ ಈಗ ಕೆಲವು ವರ್ಷ ಕಾಯಬೇಕು. ಮಂಜೂರಾತಿ ಬೇಗ ಬರಬಹುದು: ಪ್ರೀಮಿಯಂ ಶುಲ್ಕ ಕಟ್ಟಿದರೆ ಇಬಿ-1ಎಗೆ 15 ಕೆಲಸದ ದಿನಗಳಲ್ಲಿ, ಎನ್‌ಐಡಬ್ಲ್ಯುಗೆ (ನ್ಯಾಷನಲ್ ಇಂಟರೆಸ್ಟ್ ವೇವರ್, ಅಂದರೆ ದೇಶದ ಹಿತಕ್ಕಾಗಿ ಕೆಲಸದ ಆಫರ್‌ನಿಂದ ವಿನಾಯಿತಿ) 45 ಕೆಲಸದ ದಿನಗಳಲ್ಲಿ ಉತ್ತರ ಸಿಗುತ್ತದೆ. ಆದರೆ ಅದು ಐ-140ಕ್ಕೆ ಸಿಗುವ ಉತ್ತರ, ಕಾರ್ಡ್ ಕೈಗೆ ಬಂದ ಹಾಗಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ದೇಶದ ಸಾಲಿನಲ್ಲಿ ನಿಲ್ಲಬಹುದು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ಕುವೈತ್‌ನಲ್ಲೋ ದುಬೈನಲ್ಲೋ ಹುಟ್ಟಿರುತ್ತಾರೆ. ಆ ಜನನ ಪ್ರಮಾಣಪತ್ರ ಇಲ್ಲಿ ವರ್ಷಗಳನ್ನು ಉಳಿಸಿಕೊಡುತ್ತದೆ. ಪೆಟ್ಟಿಗೆಯಲ್ಲಿ ಹುಡುಕಿ ತೆಗೆದಿಡಿ.

ಎನ್‌ಐಡಬ್ಲ್ಯು: ದೇಶಕ್ಕೇನು ಲಾಭ?

ಇದು ಇಬಿ-2ರ ಒಳಗಿನ ದಾರಿ. ಇದರಲ್ಲೂ ನೀವೇ ಅರ್ಜಿ ಹಾಕಬಹುದು. ಮೊದಲು ಸ್ನಾತಕೋತ್ತರ ಪದವಿ, ಅಥವಾ ಪದವಿ ಮತ್ತು ಅದರ ಮೇಲೆ ಆ ಕ್ಷೇತ್ರದಲ್ಲಿ ಐದು ವರ್ಷದ ಅನುಭವ, ಅಥವಾ ‘ವಿಶೇಷ ಸಾಮರ್ಥ್ಯ’ ತೋರಿಸಬೇಕು. ಆಮೇಲೆ 2016ರ ಧನಸರ್ ಪ್ರಕರಣ ಹಾಕಿಕೊಟ್ಟ ಮೂರು ಪ್ರಶ್ನೆಗಳು ಬರುತ್ತವೆ. ನಿಮ್ಮ ಕೆಲಸಕ್ಕೆ ಮಹತ್ವ, ಅದೂ ದೇಶ ಮಟ್ಟದ ಮಹತ್ವ ಇದೆಯಾ? ಅದನ್ನು ಮಾಡಿ ತೋರಿಸುವ ಸ್ಥಿತಿಯಲ್ಲಿ ನೀವಿದ್ದೀರಾ? ಕೆಲಸದ ಆಫರ್ ಬೇಡ ಅಂತ ಬಿಟ್ಟುಕೊಟ್ಟರೆ ಅಮೆರಿಕಕ್ಕೆ ಒಳ್ಳೆಯದಾಗುತ್ತದಾ?

ಕೋಚ್‌ಗಳು ಸೋಲುವುದು ಮೊದಲ ಪ್ರಶ್ನೆಯಲ್ಲೇ. ಒಂದು ಊರಿನ ಒಂದು ಅಕಾಡೆಮಿಯಲ್ಲಿ ನೂರು ಮಕ್ಕಳಿಗೆ ಚೆನ್ನಾಗಿ ಕಲಿಸುವುದು ಒಳ್ಳೆಯ ಕೆಲಸವೇ. ಆದರೆ ಲಾಭ ಆ ನೂರು ಮನೆಗಳಿಗೆ ಮಾತ್ರ ಎಂಬ ಉತ್ತರ ಬರುತ್ತದೆ. ಬೇರೆ ಕೋಚ್‌ಗಳಿಗೆ ತರಬೇತಿ ಕೊಡುವುದು, ರಾಷ್ಟ್ರೀಯ ಸಂಸ್ಥೆಯ ಕಾರ್ಯಕ್ರಮ ಕಟ್ಟುವುದು, ಗಾಯ ತಡೆಯುವ ವಿಧಾನವನ್ನು ಹಲವು ರಾಜ್ಯಗಳಿಗೆ ಒಯ್ಯುವುದು – ಯೋಜನೆ ಇಷ್ಟು ಅಗಲ ಇರಬೇಕು. ಕ್ರಿಕೆಟ್‌ನವರಿಗೆ ಹೇಳಿಕೊಳ್ಳಲು ಒಂದು ಸಂದರ್ಭ ಇದೆ. ಮೇಜರ್ ಲೀಗ್ ಕ್ರಿಕೆಟ್ 2023ರಲ್ಲಿ ಶುರುವಾಯಿತು, 2024ರ ಟಿ20 ವಿಶ್ವಕಪ್‌ನ ಪಂದ್ಯಗಳು ಅಮೆರಿಕದಲ್ಲೂ ನಡೆದವು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ. ಆದರೆ ಇದನ್ನು ಬರೆದರೆ ಸಾಲದು, ಆ ಬೆಳವಣಿಗೆಯಲ್ಲಿ ನಿಮ್ಮ ಪಾತ್ರ ಏನು ಅಂತ ಕಾಗದದ ಮೇಲೆ ಕಾಣಬೇಕು.

ಭಾರತದವರಿಗೆ ಎನ್‌ಐಡಬ್ಲ್ಯುವಿನ ನಿಜವಾದ ಉಪಯೋಗ ಬೇರೆ. ಮಂಜೂರಾದ ಐ-140 ಹಾಕಿದ ತಾರೀಕು, ಅಂದರೆ ಸಾಲಿನಲ್ಲಿ ನಿಮ್ಮ ಜಾಗ, ನಿಮ್ಮದಾಗಿ ಉಳಿಯುತ್ತದೆ. ಮುಂದೆ ಇಬಿ-1ಎ ಸಿಕ್ಕರೆ ಅದೇ ಹಳೆಯ ತಾರೀಕಿನಲ್ಲಿ ಸಾಲಿನಲ್ಲಿ ನಿಲ್ಲಬಹುದು. ಹೀಗಾಗಿ ಪದವಿ, ಯೋಜನೆ ಎರಡೂ ಗಟ್ಟಿಯಾಗಿ ಇರುವವರು ಮೊದಲು ಎನ್‌ಐಡಬ್ಲ್ಯು ಹಾಕಿ ಜಾಗ ಹಿಡಿಯುವುದರಲ್ಲಿ ಅರ್ಥ ಇದೆ.

ಪಿ-1ಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂತರರಾಷ್ಟ್ರೀಯ ಆಟಗಾರರ ಜೊತೆಗೆ ಬರುವ ಕೋಚ್, ಟ್ರೈನರ್‌ಗಳಿಗೆ ಅದು ಇರುವುದು. ಆಟಗಾರನ ವೀಸಾಗೆ ಕಟ್ಟಿಹಾಕಿದ ಹಾಗೆ. ಟೂರ್ನಿಗೋ ಸೀಸನ್‌ಗೋ ಹೋಗಿ ಬರುವವರಿಗೆ ಇದೇ ಸಾಕು, ಅದಕ್ಕೋಸ್ಕರ ಓ-1ರ ಕಷ್ಟ ಪಡಬೇಡಿ. ಇನ್ನು ಎಚ್-1ಬಿ: ಆ ಕೆಲಸಕ್ಕೆ ನಿರ್ದಿಷ್ಟ ವಿಷಯದ ಪದವಿ ಬೇಕೇ ಬೇಕು ಅಂತ ತೋರಿಸಬೇಕು. ಕೋಚಿಂಗ್‌ನಲ್ಲಿ ಅದು ಕಷ್ಟ. ಲಾಟರಿ ಬೇರೆ.

ಪುರಾವೆ: ಯಾವುದಕ್ಕೆ ಎಷ್ಟು ತೂಕ

ನಿಜವಾದ ಕೆಲಸ ಇರುವುದು ಇಲ್ಲಿ. ನನ್ನ ಅಭಿಪ್ರಾಯದಲ್ಲಿ ಕೋಚ್‌ಗೆ ಅತಿ ಬಲವಾದ ಮಾನದಂಡ ‘ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಅಥವಾ ನಿರ್ಣಾಯಕ ಪಾತ್ರ’. ರಾಷ್ಟ್ರೀಯ ತಂಡ, ಭಾರತೀಯ ಕ್ರೀಡಾ ಪ್ರಾಧಿಕಾರದ ಶಿಬಿರ, ದೊಡ್ಡ ಅಕಾಡೆಮಿ – ಎಲ್ಲಿ ಹೆಡ್ ಕೋಚ್ ಆಗಿದ್ದಿರೋ ಅಲ್ಲಿಂದ ಪತ್ರ ತನ್ನಿ. ‘ಇವರು ನಮ್ಮಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಪ್ಯಾರಾ ಪತ್ರದಿಂದ ಏನೂ ಪ್ರಯೋಜನ ಇಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ಕೋಚ್‌ಗಳ ಮೇಲೆ, ಯಾವ ಆಟಗಾರರ ಹೊಣೆ, ನೀವು ಬಂದ ಮೇಲೆ ಅವರ ರ‍್ಯಾಂಕಿಂಗ್ ಏನಾಯಿತು, ಇಷ್ಟೂ ಇರಬೇಕು. ಸಂಸ್ಥೆ ಹೆಸರಾಂತದ್ದು ಅನ್ನುವುದಕ್ಕೆ ಬೇರೆ ಪುರಾವೆ ಬೇಕು. ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಅಕಾಡೆಮಿ ನೆಬ್ರಾಸ್ಕಾದಲ್ಲಿ ಫೈಲ್ ಓದುವ ಅಧಿಕಾರಿಗೆ ಗೊತ್ತಿರುವುದಿಲ್ಲ ಅಲ್ವಾ?

ಪ್ರಶಸ್ತಿಗಳಿಗೆ ಬರೋಣ. ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ ಶುರುವಾಯಿತು. ಪಿ.ಟಿ. ಉಷಾ ಅವರ ಕೋಚ್ ಓ.ಎಂ. ನಂಬಿಯಾರ್ ಮೊದಲ ವರ್ಷವೇ ಪಡೆದರು. ನಮ್ಮಲ್ಲಿ ಈಜಿನ ನಿಹಾರ್ ಅಮೀನ್ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ 2016ರಲ್ಲಿ, ಬ್ಯಾಡ್ಮಿಂಟನ್‌ನ ವಿಮಲ್ ಕುಮಾರ್ 2019ರಲ್ಲಿ ಪಡೆದಿದ್ದಾರೆ. ಇದು ಕೋಚ್‌ಗೆಂದೇ ಕೊಡುವ ರಾಷ್ಟ್ರೀಯ ಪ್ರಶಸ್ತಿ, ಹಾಗಾಗಿ ಪ್ರಶಸ್ತಿಯ ಮಾನದಂಡಕ್ಕೆ ನೇರವಾಗಿ ಹೊಂದುತ್ತದೆ. ಆದರೆ ಇದೊಂದರಿಂದಲೇ ಅರ್ಜಿ ಗೆಲ್ಲುತ್ತದೆ ಅಂತ ಎಣಿಸಬೇಡಿ. ಜಿಲ್ಲಾ ಸನ್ಮಾನ, ಕ್ಲಬ್ಬಿನ ಫಲಕ, ಶಾಲು ಹಾರದ ಫೋಟೊಗಳನ್ನು ದಯವಿಟ್ಟು ಫೈಲಿಗೆ ತುಂಬಬೇಡಿ. ದುರ್ಬಲ ಕಾಗದ ಜಾಸ್ತಿಯಾದಷ್ಟೂ ಬಲವಾದ ಕಾಗದ ಅದರಡಿ ಮುಚ್ಚಿಹೋಗುತ್ತದೆ.

ಶಿಷ್ಯರ ಪದಕ ಶಿಷ್ಯರದ್ದು. ಅದನ್ನು ನಿಮ್ಮ ಪ್ರಶಸ್ತಿ ಅಂತ ತೋರಿಸಿದರೆ ಒಪ್ಪುವುದಿಲ್ಲ. ತಂಡಕ್ಕೆ ಬಂದ ಪ್ರಶಸ್ತಿಯನ್ನು ಪಡೆದವರಲ್ಲಿ ನೀವೂ ಒಬ್ಬರಾಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತ 2024ರ ಅಕ್ಟೋಬರ್‌ನಲ್ಲಿ ಇಲಾಖೆ ಸ್ಪಷ್ಟ ಮಾಡಿತು. ಉಳಿದ ಫಲಿತಾಂಶಗಳನ್ನು ನಿರ್ಣಾಯಕ ಪಾತ್ರದ ಕೆಳಗೆ, ಅಥವಾ ‘ಹೋಲಿಸಬಹುದಾದ ಪುರಾವೆ’ ಅಂತ ಇಡಬೇಕು. ನಿಮ್ಮ ಕೆಲಸಕ್ಕೆ ಇರುವ ಮಾನದಂಡ ಹೊಂದುವುದಿಲ್ಲ ಎಂಬುದನ್ನು ವಿವರಿಸಿ ಅದರ ಬದಲಿಗೆ ಕೊಡುವ ಪುರಾವೆ ಅದು. ಆಗಲೂ ಒಂದು ಸಮಸ್ಯೆ ಬರುತ್ತದೆ. ಒಬ್ಬ ಆಟಗಾರ್ತಿ ಶಿವಮೊಗ್ಗದಲ್ಲಿ ಒಬ್ಬರ ಹತ್ರ ಶುರು ಮಾಡಿ, ಬೆಂಗಳೂರಿನಲ್ಲಿ ಇನ್ನೊಬ್ಬರ ಹತ್ರ ಬೆಳೆದು, ರಾಷ್ಟ್ರೀಯ ಶಿಬಿರದಲ್ಲಿ ಮೂರನೆಯವರ ಕೈಗೆ ಹೋಗಿರುತ್ತಾಳೆ. ಗೆದ್ದಾಗ ಮೂವರೂ ನನ್ನ ಶಿಷ್ಯೆ ಅನ್ನುತ್ತಾರೆ. ಮೂವರ ಮಾತೂ ನಿಜವೇ. ಗೆದ್ದ ವರ್ಷ ಆಕೆಯ ಕೋಚ್ ನೀವೇ ಅಂತ ತೋರಿಸುವ ಫೆಡರೇಷನ್ ಪತ್ರ, ಟೂರ್ನಿಯ ಅಕ್ರೆಡಿಟೇಷನ್ ಕಾರ್ಡ್, ಆಕೆಯದೇ ಸಹಿ ಇರುವ ಪತ್ರ ಇದ್ದವರ ಅರ್ಜಿ ನಿಲ್ಲುತ್ತದೆ.

ಪತ್ರಿಕೆಯ ಲೇಖನ ನಿಮ್ಮ ಬಗ್ಗೆ, ನಿಮ್ಮ ಕೆಲಸದ ಬಗ್ಗೆ ಇರಬೇಕು. ಶಿಷ್ಯನ ಸುದ್ದಿಯ ಕೊನೇ ಸಾಲಿನಲ್ಲಿ ಕೋಚ್ ಅಂತ ನಿಮ್ಮ ಹೆಸರು ಬಂದರೆ ಸಾಲದು. ಶೀರ್ಷಿಕೆ, ತಾರೀಕು, ಬರೆದವರ ಹೆಸರು ಮೂರೂ ಬೇಕು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಇದೇ ತೊಡಕು, ಎಷ್ಟೋ ಕ್ರೀಡಾ ಸುದ್ದಿಗಳು ವರದಿಗಾರರ ಹೆಸರಿಲ್ಲದೆ ಬರುತ್ತವೆ. ಅಂಥ ಸುದ್ದಿಯೇ ನಿಮ್ಮ ಮುಖ್ಯ ಪುರಾವೆಯಾದರೆ ಬರೆದವರು ಯಾರು ಅಂತ ಪತ್ರಿಕೆಯಿಂದಲೇ ಒಂದು ಪತ್ರ ಕೇಳಿ. ಪ್ರಸಾರ ಸಂಖ್ಯೆಯ ದಾಖಲೆ ಸೇರಿಸಿ. ಇಂಗ್ಲಿಷ್ ಅನುವಾದ ಪೂರ್ತಿ ಇರಬೇಕು, ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು. ಕನ್ನಡದಲ್ಲಿ ಬಂದ ಲೇಖನ ಅಂತ ಕೀಳರಿಮೆ ಬೇಡ. ಲಕ್ಷಾಂತರ ಜನ ಓದುವ ಪತ್ರಿಕೆಯ ಅರ್ಧ ಪುಟದ ಲೇಖನ, ದುಡ್ಡು ಕೊಟ್ಟು ಯಾವುದೋ ವೆಬ್‌ಸೈಟ್‌ನಲ್ಲಿ ಹಾಕಿಸಿದ ಇಂಗ್ಲಿಷ್ ಲೇಖನಕ್ಕಿಂತ ಎಷ್ಟೋ ಮೇಲು.

ಸಾಧಕರನ್ನಷ್ಟೇ ಸೇರಿಸಿಕೊಳ್ಳುವ ಸಂಘಗಳ ಸದಸ್ಯತ್ವವೂ ಪಟ್ಟಿಯ ಒಂದು ಮಾನದಂಡ, ಅದರ ವಿಷಯದಲ್ಲಿ ತಪ್ಪು ತಿಳಿವಳಿಕೆ ತುಂಬಾ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಗೌರವದ ಅರ್ಹತೆ. ಆದರೆ ಅದು ಓದಿ ಪರೀಕ್ಷೆ ಬರೆದು ಪಡೆಯುವ ಅರ್ಹತೆ, ಅಸಾಧಾರಣ ಸಾಧನೆ ನೋಡಿ ಪರಿಣತರು ಕೊಡುವ ಸದಸ್ಯತ್ವ ಅಲ್ಲ. ಕೋಚಿಂಗ್ ಲೈಸೆನ್ಸ್‌ಗಳೂ ಹಾಗೆಯೇ. ಇತರರ ಕೆಲಸದ ತೀರ್ಪುಗಾರ ಎಂಬ ಮಾನದಂಡಕ್ಕೆ ರಾಜ್ಯ ಅಥವಾ ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿ ಕೂತದ್ದು ಚೆನ್ನಾಗಿ ಹೊಂದುತ್ತದೆ. ಆಹ್ವಾನ ಪತ್ರ ಮಾತ್ರ ಸಾಲದು, ನಿಜವಾಗಿ ಭಾಗವಹಿಸಿದ್ದಕ್ಕೆ ದಾಖಲೆ ಬೇಕು. ಅಂಪೈರ್ ಆಗಿದ್ದೆ ಎಂಬುದನ್ನು ನಿಯಮ ಜಾರಿ ಮಾಡುವ ಕೆಲಸ ಅಷ್ಟೇ ಅಂತ ತಳ್ಳಿಹಾಕುವ ಅಪಾಯ ಇದೆ. ಸ್ವಂತ ಶಿಷ್ಯರಿಗೆ ಅಂಕ ಕೊಟ್ಟದ್ದಂತೂ ಲೆಕ್ಕಕ್ಕಿಲ್ಲ.

ಹೆಚ್ಚಿನ ಸಂಬಳವೂ ಒಂದು ಮಾನದಂಡ. ಅದನ್ನು ನೀವು ಕೆಲಸ ಮಾಡಿದ ದೇಶದ ಬೇರೆ ಕೋಚ್‌ಗಳ ಸಂಬಳದ ಜೊತೆ ಹೋಲಿಸುತ್ತಾರೆ. ರೂಪಾಯಿಯನ್ನು ಡಾಲರ್‌ಗೆ ಬದಲಿಸಿ ಕಮ್ಮಿ ಅಂತ ಹೇಳುವ ಹಾಗಿಲ್ಲ. ಅಮೆರಿಕದ ಸಂಬಳವಾದರೆ ಅಲ್ಲಿನ ಕಾರ್ಮಿಕ ಇಲಾಖೆ ಕೋಚ್‌ಗಳಿಗೆಂದೇ ಪ್ರಕಟಿಸುವ ಅಂಕಿ ಅಂಶ ಇದೆ. ನಗದು ತಗೊಂಡು ಕಲಿಸಿದ ವರ್ಷಗಳಿಗೆ ಆದಾಯ ತೆರಿಗೆ ದಾಖಲೆ ಇಲ್ಲದಿದ್ದರೆ ಈ ಮಾನದಂಡ ಬಿಟ್ಟುಬಿಡಿ.

ಮೂರು ಆಯಿತು ಅಂದ ಮೇಲೆ ಇನ್ನೊಂದು ಮೆಟ್ಟಿಲಿದೆ. ಕಜಾರಿಯನ್ ಎಂಬ ಭೌತವಿಜ್ಞಾನಿಯ ಪ್ರಕರಣದಲ್ಲಿ 2010ರಲ್ಲಿ ಬಂದ ತೀರ್ಪಿನ ನಂತರ ಇಲಾಖೆ ಎರಡು ಹಂತದಲ್ಲಿ ನೋಡುತ್ತದೆ. ಮೊದಲು ಮೂರು ಮಾನದಂಡ ಇದೆಯಾ ಅಂತ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಇಟ್ಟು, ಈ ವ್ಯಕ್ತಿ ನಿಜಕ್ಕೂ ತುತ್ತತುದಿಯಲ್ಲಿ ಇದ್ದಾರಾ, ಹೆಸರು ಈಗಲೂ ಉಳಿದಿದೆಯಾ ಅಂತ. ಹೊಸಬರಿಗೆ ಕಲಿಸುವ ಕೋಚ್‌ಗಳು ಬಹುಮಟ್ಟಿಗೆ ಈ ಎರಡನೇ ಹಂತದಲ್ಲಿ ಬೀಳುತ್ತಾರೆ.

ಮೂರು ಜನರನ್ನು ಊಹಿಸಿಕೊಳ್ಳಿ

ಒಬ್ಬರು ಎರಡು ವರ್ಷದ ಹಿಂದಿನವರೆಗೆ ಭಾರತ ತಂಡದಲ್ಲಿ ಆಡಿದವರು, ಈಗ ರಾಷ್ಟ್ರೀಯ ಜೂನಿಯರ್ ತಂಡದ ಕೋಚ್. ಇವರು ನೇರವಾಗಿ ಇಬಿ-1ಎ ಹಾಕಬಹುದು. ತಡ ಮಾಡಿದಷ್ಟೂ ಆಟದ ಸಾಧನೆಯ ತೂಕ ಕಮ್ಮಿಯಾಗುತ್ತದೆ. ಬೇಗ ಕೆಲಸ ಶುರು ಮಾಡಬೇಕಿದ್ದರೆ ಜೊತೆಗೇ ಓ-1ಎ ಕೂಡ ಹಾಕಲಿ. ಗ್ರೀನ್ ಕಾರ್ಡ್ ಅರ್ಜಿ ಇದೆ ಎಂಬ ಕಾರಣಕ್ಕೆ ಓ-1 ನಿರಾಕರಿಸುವ ಹಾಗಿಲ್ಲ.

ಇನ್ನೊಬ್ಬರು ರಾಜ್ಯ ಮಟ್ಟಕ್ಕಷ್ಟೇ ಆಡಿದವರು. ಹತ್ತು ವರ್ಷ ಬೆಂಗಳೂರಿನ ಅಕಾಡೆಮಿಯಲ್ಲಿ ಕಲಿಸಿ ಇಬ್ಬರು ರಾಷ್ಟ್ರೀಯ ಚಾಂಪಿಯನ್ನರನ್ನು ಬೆಳೆಸಿದ್ದಾರೆ. ಕ್ಯಾಲಿಫೋರ್ನಿಯಾದ ಅಕಾಡೆಮಿಯೊಂದು ಕರೆದಿದೆ. ಆಡಿದ್ದು ಕಮ್ಮಿ ಅಂತ ಇವರು ಕುಗ್ಗಬೇಕಾಗಿಲ್ಲ, ಲೀ ತೀರ್ಪು ಇವರ ಪರವಾಗಿಯೇ ಇದೆ. ಮೊದಲು ಓ-1ಎ. ಅಲ್ಲಿ ಹೋಗಿ ಅಮೆರಿಕದ ಜೂನಿಯರ್ ತಂಡಕ್ಕೆ ಮಕ್ಕಳನ್ನು ಕಳಿಸಿದ ಮೇಲೆ ಇಬಿ-1ಎ. ಪದವಿ ಇದ್ದರೆ ನಡುವೆ ಎನ್‌ಐಡಬ್ಲ್ಯು ಹಾಕಿ ತಾರೀಕು ಹಿಡಿಯುವುದನ್ನೂ ಯೋಚಿಸಬಹುದು.

ಮೂರನೆಯವರು ಡಲ್ಲಾಸ್‌ನಲ್ಲಿ ವಾರಾಂತ್ಯ ಎಂಟು ಹತ್ತು ವರ್ಷದ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುವವರು. ಮಕ್ಕಳಿಗೆ ಅವರೆಂದರೆ ಪ್ರಾಣ. ಆದರೂ ಇವತ್ತಿನ ಮಟ್ಟಿಗೆ ಈ ಯಾವ ದಾರಿಯೂ ಅವರಿಗಿಲ್ಲ. ಸಾವಿರಾರು ಡಾಲರ್ ಕೊಟ್ಟು ಅರ್ಜಿ ಹಾಕಿಸುವ ಮೊದಲು ಇದನ್ನು ಯಾರಾದರೂ ಅವರಿಗೆ ಬಿಡಿಸಿ ಹೇಳಬೇಕು. ‘ಗ್ಯಾರಂಟಿ ಮಾಡಿಸಿಕೊಡುತ್ತೇವೆ’ ಅನ್ನುವವರಿಂದ ದೂರ ಇರಲಿ.

ತಿರಸ್ಕಾರ ಬಂದರೆ

ಆಗಲೂ ಎರಡು ದಾರಿ ಇವೆ. ಮೇಲ್ಮನವಿ ಅಥವಾ ಮರುಪರಿಶೀಲನೆಗೆ ಇಲಾಖೆ ನಿರ್ಧಾರ ಕೊಟ್ಟ ದಿನದಿಂದ 30 ದಿನ ಸಮಯ, ಅಂಚೆಯಲ್ಲಿ ಕಳಿಸಿದ್ದರೆ ಕಳಿಸಿದ ದಿನದಿಂದ 33 ದಿನ. ಇಲ್ಲವೇ ಹೊಸದಾಗಿ ಐ-140 ಹಾಕಬಹುದು, ಇಷ್ಟೇ ಸಲ ಎಂಬ ನಿಯಮ ಇಲ್ಲ. ಅಧಿಕಾರಿ ಕಣ್ಣಮುಂದಿದ್ದ ಕಾಗದವನ್ನು ತಪ್ಪಾಗಿ ಓದಿದ್ದರೆ ಮೇಲ್ಮನವಿ ಸರಿ. ಕಾಗದವೇ ತೆಳುವಾಗಿದ್ದರೆ ಹೊಸ ಅರ್ಜಿಯೇ ವಾಸಿ, ಆದರೆ ಹಳೆಯ ತಾರೀಕು ಹೋಗುತ್ತದೆ. ತಿರಸ್ಕಾರದ ಪತ್ರದಲ್ಲಿ ಯಾವ ಮಾನದಂಡ ಏಕೆ ಬಿತ್ತು ಅಂತ ಸಾಲು ಸಾಲಾಗಿ ಬರೆದಿರುತ್ತಾರೆ. ಫೆಡರೇಷನ್ ಕಚೇರಿಗೆ ಮುಂದಿನ ಸಲ ಪತ್ರ ಕೇಳಲು ಹೋಗುವಾಗ ಅದರ ಒಂದು ಪ್ರತಿ ಕೈಯಲ್ಲಿರಲಿ.